ನಮ್ಮ ರಜೆ, ನಮ್ಮ ಬೆಟ್ಟ
(ಪರೇಲಿನ ಕಾರ್ಮಿಕ ಸಭೆಯಲ್ಲಿ ಮಾಡಿದ ಭಾಷಣ)



ನಾವು ಊರಿಗೆ ಹೋಗುವುದು ಯಾವಾಗ? ಮದುವೆಗೆ, ಬೊಜ್ಜಕ್ಕೆ, ಇಲ್ಲವೆ ಹಿರಿಯರ ಕಾಯಿಲೆಗೆ. ಬೈಂದೂರು ದಾಟುವಾಗ ಮೂಡು ದಿಕ್ಕಿಗೆ ಘಟ್ಟದ ಸಾಲು ಉಂಟು. ಅಲ್ಲಿಯ 1,343 ಮೀಟರ್ ಎತ್ತರದ ಕೊಡಚಾದ್ರಿಯನ್ನು ನಮ್ಮಲ್ಲಿ ಎಷ್ಟು ಮಂದಿ ಹತ್ತಿದ್ದೇವೆ?

ಬೆಟ್ಟ ಹತ್ತುವುದು ವಿಮಾನದಲ್ಲಿ ಓಡಾಡುವ ಗಿರಾಕಿಗಳ ಶೋಕಿ ಎಂದು ನಾವು ತಿಳಿದಿದ್ದೇವೆ. ಬಜ್ಪೆಗೆ ವಿಮಾನ ನಿಲ್ದಾಣ ಬಂದದ್ದು 1951ರಲ್ಲಿ. ನಮಗೆ ಮಾತ್ರ ಬಹುಕಾಲ ಬಸ್ಸೇ ಗತಿಯಾಗಿತ್ತು. 1998ರಲ್ಲಿ ಕೊಂಕಣ ರೈಲ್ವೆ ಪೂರ್ತಿ ತೆರೆದ ಮೇಲೆ ದಾರಿ ಸುಲಭವಾಗಿದೆ. ಕುರ್ಲಾ ಟರ್ಮಿನಸ್ಸಿನಲ್ಲಿ ಮತ್ಸ್ಯಗಂಧ ಹತ್ತಿದರೆ ಮರುದಿನ ಬೈಂದೂರು. ಅಲ್ಲಿಂದ ಬಸ್ಸಿನಲ್ಲಿ ಕೊಲ್ಲೂರು. ಮುಂದಿನದು ಅಭಯಾರಣ್ಯ, ಅರಣ್ಯ ಇಲಾಖೆಯವರನ್ನು ಕೇಳಿಯೇ ನಡೆಯಬೇಕು. ತುದಿಯಲ್ಲಿ ಸರ್ವಜ್ಞಪೀಠದ ಕಲ್ಲುಮಂಟಪ. ಮಳೆಗಾಲದಲ್ಲಿ ಉಂಬಳದ ಕಾಟ, ಜಾರುವ ದಾರಿ. ಮಳೆ ನಿಂತ ಮೇಲೆ ಹೋಗುವುದು ಮೇಲು.

ರಜೆ ಯಾರು ಕೊಡುತ್ತಾರೆ ಎನ್ನುವಿರಾ? ಮಹಾರಾಷ್ಟ್ರದ 2017ರ ಅಂಗಡಿ ಕಾಯಿದೆಗೆ ಒಳಪಟ್ಟ ಹೋಟೆಲುಗಳಲ್ಲಿ ವರ್ಷಕ್ಕೆ 240 ದಿನ ದುಡಿದವನಿಗೆ 20 ದಿನಕ್ಕೆ ಒಂದರಂತೆ ಸಂಬಳದ ರಜೆ ಸಲ್ಲಬೇಕು. ಅದು ಧಣಿಯ ದಾನವಲ್ಲ, ನಮ್ಮ ಗಳಿಕೆ.

ಕೇಳಿ ಪಡೆಯೋಣ. 1982ರ ಮುಷ್ಕರದ ಬಳಿಕ ಗಿರಣಿ ಕಳೆದುಕೊಂಡ ಹಿರಿಯರನ್ನೂ ಕರೆಯೋಣ. ಒಂದು ಸಲವಾದರೂ ನಮ್ಮ ಸಂತೋಷಕ್ಕೆಂದೇ ಊರ ರೈಲು ಹತ್ತೋಣ.