ಚವ್ಹಾಣ ಅಂದ್ರ ಯಾವ ಮಂದಿ?

ಬೀದರದಾಗ ಬಾಡಿಗಿ ರೂಮ್ ಕೇಳಲಾಕ್ ಹೋದ್ರ ಮೊದಲ ಪ್ರಶ್ನೆ, 'ಅಡ್ಡಹೆಸರು ಏನ್ರಿ?' 'ಚವ್ಹಾಣ' ಅಂದ್ರ ಮಾಲೀಕರು ಅಲ್ಲೇ ಜಾತಿ ಲೆಕ್ಕ ಹಾಕ್ತಾರ. ನಾ ಓದಿದ್ದು ಬಿಕಾಂ. ಈ ಲೆಕ್ಕ ಟ್ಯಾಲಿ ಆಗೂದಿಲ್ಲ.

ಮಹಾರಾಷ್ಟ್ರದ ಮೊದಲ ಮುಖ್ಯಮಂತ್ರಿ ಯಶವಂತರಾವ್ ಚವ್ಹಾಣ ಮರಾಠಾ. ಅಜ್ಮೀರದ ಪೃಥ್ವಿರಾಜ ಚವ್ಹಾಣ ರಜಪೂತ. 2008ರಿಂದ ಔರಾದ್‌ನಾಗ ಗೆಲ್ಲುತ್ತಾ ಬಂದ ಶಾಸಕ ಪ್ರಭು ಚವ್ಹಾಣ್ ಬಂಜಾರಾ. ಭಾಲ್ಕಿ, ಔರಾದ್ ಕಡೆಯ ತಾಂಡಾಗಳಾಗ ಚವ್ಹಾಣ, ರಾಠೋಡ, ಪವಾರ, ಜಾಧವ ಎಲ್ಲಾ ಸಿಗ್ತಾರ, ಮನಿಯೊಳಗ ಗೋರ್‌ಬೋಲಿ. ಅದೇ ಬಂಜಾರಾ ಮಂದಿ ಕರ್ನಾಟಕದಾಗ ಎಸ್‌ಸಿ, ಪಕ್ಕದ ತೆಲಂಗಾಣದಾಗ ಎಸ್‌ಟಿ. ಗಡಿ ದಾಟಿದ್ರ ಸರ್ಟಿಫಿಕೇಟ್ ಬ್ಯಾರೆ, ಹೆಸರು ಅದೇ.

ಊಹೆ ಸರಿ ಇರಲಿ, ತಪ್ಪಿರಲಿ, ಜಾತಿ ನೋಡಿ ರೂಮ್ ಇಲ್ಲ ಅನ್ನೂದು ಅನ್ಯಾಯಾನೇ. ಬಾಡಿಗಿ ಟೈಮಿಗೆ ಕೊಡ್ತೀರೇನು ಅಂತ ಕೇಳ್ರಿ, ಸಾಕು. ನಿಮ್ಮ ಅಡ್ಡಹೆಸರಿನ ಕಥಿ ವಾಯ್ಸ್ ನೋಟ್ ಮಾಡಿ ಕಳಿಸ್ರಿ.