ಟ್ರಂಕಿನ ತಳದಾಗಿನ ಅರ್ಧ ಕಸೂತಿ

(ಸಂಘದ ಬೆಳ್ಳಿ ಹಬ್ಬದ ಮಹಿಳಾ ಗೋಷ್ಠಿಯಲ್ಲಿ ಮಹಿಳಾ ಸದಸ್ಯರ ಪರವಾಗಿ ಮಾಡಿದ ಭಾಷಣ)



ನಮ್ಮ ಸಂಘಕ್ಕೆ 25 ವರ್ಷ ತುಂಬಿದ ಈ ಸಂತೋಷದ ಸಂದರ್ಭದಲ್ಲಿ ನಮಗೂ ನಾಲ್ಕು ಮಾತು ಆಡಲು ಅವಕಾಶ ಕೊಟ್ಟಿದ್ದೀರಿ. ಬೆಳಿಗ್ಗೆಯಿಂದ ಸಾಲ, ಠೇವಣಿ, ಬೀಜ, ಗೊಬ್ಬರದ ವಿಚಾರ ಕೇಳಿದ್ದೇವೆ. ನಾವು ಹೇಳಬೇಕೆಂದಿರುವುದು ಯಾವ ಅಢಾವೆ ಪತ್ರಿಕೆಯಲ್ಲೂ ಬಾರದ ಒಂದು ಆಸ್ತಿಯ ಬಗ್ಗೆ. ಅದು ನಮ್ಮ ನಿಮ್ಮ ಮನೆಯ ಟ್ರಂಕಿನ ತಳದಾಗ ಐತಿ. ಅದೇ ಅರ್ಧಕ್ಕೆ ನಿಂತ ಕಸೂತಿ.

ಯಾರ ಮನೆಯಲ್ಲಿ ಇಲ್ಲ ಹೇಳಿರಿ? ಒಬ್ಬರ ಮನೆಯಲ್ಲಿ ಸೆರಗಿನ ಮೇಲೆ ಅರ್ಧ ಗೋಪುರ. ಇನ್ನೊಬ್ಬರ ಮನೆಯಲ್ಲಿ ಖಣದ ಮೇಲೆ ಅಂಬಾರಿ ಇಲ್ಲದ ಆನೆ. ಮತ್ತೊಬ್ಬರ ಮನೆಯಲ್ಲಿ ಕೂಸಿಗೆಂದು ಶುರು ಮಾಡಿದ ಕುಂಚಿಗೆ. ಆ ಕೂಸು ಈಗ ಕಾಲೇಜಿಗೆ ಹೋಗತೈತಿ! ಯಾಕೆ ನಿಂತಿತು ಅಂತ ಕೇಳಿದರೆ ಒಬ್ಬೊಬ್ಬರದು ಒಂದೊಂದು ಕಾರಣ. ಸುಗ್ಗಿ ಬಂತು, ಬಾಣಂತನ ಬಂತು, ಅತ್ತೆಗೆ ಆರಾಮ ತಪ್ಪಿತು, ಕಣ್ಣಿಗೆ ಪೊರೆ ಬಂತು, ಹಚ್ಚಿದ ಬಣ್ಣದ ದಾರ ತೀರಿತು. ಆದರೆ ಜಾತ್ರೆಗೆ ಹೋದಾಗ, ಧಾರವಾಡ ಹುಬ್ಬಳ್ಳಿ ಪೇಟೆಗೆ ಹೋದಾಗ ಎರಡು ಲಡಿ ದಾರ, ಒಂದು ಪಾಕೀಟು ಸೂಜಿ ತರುವುದು ಮಾತ್ರ ನಿಲ್ಲಲಿಲ್ಲ. "ಇರಲಿ ಬಿಡು, ಬೇಕಾಗತೈತಿ" ಅಂತ ಡಬ್ಬಿಗೆ ಹಾಕಿದ್ದೇ ಹಾಕಿದ್ದು. ಹೀಗಾಗಿ ನಮ್ಮಲ್ಲಿ ಕೆಲಸಕ್ಕಿಂತ ಸಾಮಾನು ಹೆಚ್ಚು. ಇದರಲ್ಲಿ ನಗುವಂಥದ್ದೂ ಇದೆ, ವಿಚಾರ ಮಾಡುವಂಥದ್ದೂ ಇದೆ.

ಕಸೂತಿ ಎಂದರೇನೆಂದು ಹೊಸ ತಲೆಮಾರಿನವರಿಗೆ ಎರಡು ಮಾತು ಹೇಳುತ್ತೇವೆ. ಕೈ ಮತ್ತು ಸೂತಿ, ಅಂದರೆ ಕೈಯಿಂದ ನೂಲಿನ ಕೆಲಸ ಎಂದು ಈ ಹೆಸರಿಗೆ ಅರ್ಥ ಹೇಳುವುದುಂಟು. ಇದಕ್ಕೆ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವುದಿಲ್ಲ. ಬಟ್ಟೆಯ ಎಳೆ ಎಣಿಸಿ ಸೂಜಿ ಹಾಕಬೇಕು. ದಾರಕ್ಕೆ ಗಂಟು ಹಾಕುವುದಿಲ್ಲ. ಇದರಲ್ಲಿ ನಾಲ್ಕು ಹೊಲಿಗೆ: ಗವಂತಿ, ಮುರ್ಗಿ, ನೇಗಿ, ಮೆಂತೆ. ಗವಂತಿ ನೆಟ್ಟಗಿನ ಗೆರೆಯದು. ಮುರ್ಗಿ ಮೆಟ್ಟಿಲು ಏರಿದಂತೆ ಹೋಗುವುದು. ಈ ಎರಡರಲ್ಲಿ ಬಟ್ಟೆಯ ಎರಡೂ ಮಗ್ಗಲು ಒಂದೇ ತರಹ ಕಾಣಬೇಕು. ನೇಗಿ ಎಂದರೆ ನೇಯ್ದಂತೆ ಕಾಣುವುದು. ಮೆಂತೆ ಎಂದರೆ ಮೆಂತ್ಯದ ಕಾಳು ಹರಡಿದಂತೆ ಅಡ್ಡಡ್ಡ ಬೀಳುವ ಹೊಲಿಗೆ. ಗೋಪುರ, ತೇರು, ಪಲ್ಲಕ್ಕಿ, ತುಳಸಿ ಕಟ್ಟೆ, ನಂದಿ, ನವಿಲು, ಗಿಣಿ, ತೊಟ್ಟಿಲು – ನಮ್ಮ ಬದುಕಿನಲ್ಲಿ ಕಂಡದ್ದೆಲ್ಲ ಇದರಲ್ಲಿ ಬಂದಿದೆ. ಮದುವೆಯ ಚಂದ್ರಕಾಳಿ ಸೀರೆ, ಇಳಕಲ್ ಸೀರೆಯ ಸೆರಗು, ಕುಬಸ, ಕುಲಾಯಿ ಇವುಗಳ ಮೇಲೆ ನಮ್ಮ ಹಿರಿಯರು ಇದನ್ನು ತೆಗೆದರು.

ಈಗ ಮುಖ್ಯ ಮಾತಿಗೆ ಬರುತ್ತೇವೆ. ನಮ್ಮ ಹಿರಿಯರು ಈ ವಿದ್ಯೆಯನ್ನು ಪುಸ್ತಕದಲ್ಲಿ ಬರೆದಿಡಲಿಲ್ಲ. ತಾಯಿ ಪಕ್ಕದಲ್ಲಿ ಮಗಳು ಕೂತು ಕಲಿತಳು. ಮುಗಿದ ಸೆರಗನ್ನು ನೋಡಿದರೆ ಚೆಂದ ಕಾಣುತ್ತದೆ, ಆದರೆ ಸೂಜಿ ಎಲ್ಲಿಂದ ಹೊರಟು ಎಲ್ಲಿ ತಿರುಗಿತು ಎನ್ನುವುದು ತಿಳಿಯುವುದಿಲ್ಲ. ಅರ್ಧಕ್ಕೆ ನಿಂತ ಕೆಲಸ ಅದನ್ನು ತೋರಿಸುತ್ತದೆ. ಗವಂತಿಯಲ್ಲಿ ಸೂಜಿ ಒಂದು ಸಲ ಹೋಗುತ್ತದೆ, ಒಂದು ಸಲ ಮರಳಿ ಬರುತ್ತದೆ. ಹೋಗುವಾಗ ಒಂದು ಹೊಲಿಗೆ ಬಿದ್ದು ಒಂದು ಜಾಗ ಖಾಲಿ ಉಳಿಯುತ್ತದೆ. ಬರುವಾಗ ಆ ಖಾಲಿ ಜಾಗ ತುಂಬುತ್ತದೆ. ನಿಂತ ಕೆಲಸದಲ್ಲಿ ಒಂದೊಂದು ಬಿಟ್ಟು ಬಿದ್ದ ಹೊಲಿಗೆ ಕಂಡರೆ, ಆಕೆ ಹೋದಳು, ಮರಳಲಿಲ್ಲ ಎಂದು ಅರ್ಥ. ಗೋಪುರದ ಯಾವ ಟೊಂಗೆಗೆ ಮೊದಲು ಹೋಗಿ ಬಂದಳು, ಯಾವುದನ್ನು ಕಡೆಗೆ ಇಟ್ಟಳು ಎಂಬುದೂ ಕಾಣುತ್ತದೆ. ಆದ್ದರಿಂದ ಟ್ರಂಕಿನಲ್ಲಿರುವ ಅರ್ಧ ಬಟ್ಟೆಯೇ ನಮಗೆ ಉಳಿದಿರುವ ಪಠ್ಯಪುಸ್ತಕ. ಅದನ್ನು ಒರೆಸುವ ಅರಿವೆ ಮಾಡಿ ಹರಿದರೆ ಒಂದು ಪಾಠವೇ ಹೋಯಿತು. ಓದಿ ಹೇಳಬಲ್ಲ ಅಜ್ಜಿಯರು ಓಣಿಗೆ ಒಬ್ಬರೋ ಇಬ್ಬರೋ ಉಳಿದಿದ್ದಾರೆ.

ಮತ್ತೆ ಕೈಗೆತ್ತಿಕೊಳ್ಳುವವರಿಗೆ ಅನುಭವದ ಕೆಲವು ಮಾತು.

ಮೊದಲು ಸೂಜಿ ಹುಡುಕಿರಿ. ಬಟ್ಟೆಯಲ್ಲೇ ಚುಚ್ಚಿ ಬಿಟ್ಟ ಸೂಜಿ ತುಕ್ಕು ಹಿಡಿದು ಕಲೆ ಮಾಡಿರುತ್ತದೆ. ಬಿಳಿ ಹತ್ತಿ ಬಟ್ಟೆಯಾದರೆ ನಿಂಬೆರಸ, ಉಪ್ಪು ಹಚ್ಚಿ ತೊಳೆದರೆ ಕಲೆ ತಿಳಿಯಾಗುತ್ತದೆ. ರೇಷ್ಮೆಗೂ ಬಣ್ಣದ ಬಟ್ಟೆಗೂ ಇದನ್ನು ಮಾಡಬಾರದು. ಆಮೇಲೆ ಬಟ್ಟೆಯನ್ನು ನೆರಳಲ್ಲಿ ಹರವಿ ಗಾಳಿಗೆ ಬಿಡಿರಿ. ಬೆಳಕಿಗೆ ಹಿಡಿದು ಮಡಿಕೆಯ ಗೆರೆ ನೋಡಿರಿ. ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿದ್ದ ರೇಷ್ಮೆ ಅಲ್ಲೇ ಸೀಳುತ್ತದೆ. ಸೀಳಿದ ಕಡೆ ಹೊಸ ಹೊಲಿಗೆ ಹಾಕಿ ಜಗ್ಗಬೇಡಿರಿ. ಹಿಂದೆ ಒಂದು ತೆಳ್ಳನೆಯ ಬಟ್ಟೆ ಕೊಟ್ಟು ಹಿಡಿದಿಡಿರಿ.

ತೊಳೆಯುವ ಅವಸರ ಬೇಡ. ಹಸಿ ಮಾಡಿದ ಬಿಳಿ ಅರಿವೆಯ ಚೂರನ್ನು ಹಳೆಯ ದಾರದ ಮೇಲೆ ಒತ್ತಿ ನೋಡಿರಿ. ಬಣ್ಣ ಹತ್ತಿದರೆ ಆ ಬಟ್ಟೆ ನೀರಿಗೆ ಹಾಕುವಂಥದ್ದಲ್ಲ. ಕೆಂಪು ಮತ್ತು ಕಪ್ಪು ಬಣ್ಣಗಳನ್ನು ಮುಖ್ಯವಾಗಿ ನೋಡಬೇಕು. ಬಣ್ಣ ಬಿಡದಿದ್ದರೆ ತಣ್ಣೀರಿನಲ್ಲಿ ಅಂಟವಾಳಕಾಯಿಯ ನೊರೆಯಿಂದ ಮೆಲ್ಲಗೆ ತೊಳೆದು, ಹಿಂಡದೆ, ನೆರಳಲ್ಲಿ ಒಣಗಿಸಿರಿ.

ಇನ್ನು ಲೆಕ್ಕ. ಹಳೆಯ ಹೊಲಿಗೆ ಒಂದೊಂದೂ ಎಷ್ಟು ಎಳೆಯ ಮೇಲೆ ಬಿದ್ದಿದೆ ಎಂದು ಮುಗಿದ ಭಾಗದಲ್ಲಿ ಎಣಿಸಿರಿ. ಕೆಲವರು ಮೂರು ಎಳೆ ಹಿಡಿದಿರುತ್ತಾರೆ, ಕೆಲವರು ನಾಲ್ಕು. ಆಕೆ ಹಿಡಿದ ಲೆಕ್ಕವನ್ನೇ ನಾವೂ ಹಿಡಿಯಬೇಕು. ಒಂದು ಎಳೆ ತಪ್ಪಿದರೂ ಮೂಲೆಯಲ್ಲಿ ಬಂದು ಗೆರೆ ಕೂಡುವುದಿಲ್ಲ, ಗೋಪುರದ ಕಳಸ ಓರೆಯಾಗುತ್ತದೆ. ಸೂಜಿ ಮುಟ್ಟುವ ಮೊದಲು ಇಡೀ ಚಿತ್ರವನ್ನು ಮಕ್ಕಳ ಚೌಕುಳಿ ಹಾಳೆಯ ಮೇಲೆ ಇಳಿಸಿಕೊಳ್ಳಿರಿ. ಚಿತ್ರದ ಹೆಸರು, ಯಾರ ಮನೆಯದು, ಯಾರ ಕೈಯದು ಎಂದು ಕೆಳಗೆ ಬರೆಯಿರಿ. ಎಳೆ ಕಾಣದಷ್ಟು ಒತ್ತಾಗಿ ನೇಯ್ದ ಸೀರೆಯಾದರೆ ಮೇಲೆ ಜಾಳಾದ ಕ್ಯಾನ್ವಾಸ್ ಬಟ್ಟೆ ಹಚ್ಚಿ ಅದರ ಕಂಡಿಯಲ್ಲಿ ಹೊಲಿದು, ಮುಗಿದ ಮೇಲೆ ಅದರ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯಬಹುದು. ಹೊಲಿಯುವಾಗ ಸೂಜಿ ಆ ಕ್ಯಾನ್ವಾಸಿನ ಎಳೆಯನ್ನು ಚುಚ್ಚಬಾರದು, ಚುಚ್ಚಿದರೆ ಎಳೆ ಬರುವುದಿಲ್ಲ.

ದಾರದ ಮಾತು. ಪೇಟೆಯಲ್ಲಿ ಸಿಗುವ ಒಂದು ಲಡಿ ಸಾಮಾನ್ಯವಾಗಿ 8 ಮೀಟರ್, ಅದರೊಳಗೆ 6 ಎಳೆ. ಹಳೆಯ ಹೊಲಿಗೆಯ ದಪ್ಪ ನೋಡಿ ಒಂದೋ ಎರಡೋ ಎಳೆ ಬಿಡಿಸಿಕೊಳ್ಳಬೇಕು. ಬಣ್ಣವನ್ನು ದೀಪದ ಬೆಳಕಿನಲ್ಲಿ ಹೊಂದಿಸಬೇಡಿರಿ, ಹಗಲಿನಲ್ಲಿ ಹೊಂದಿಸಿರಿ. ಒಂದೇ ನಂಬರಿನ ದಾರವೂ ಒಂದು ಸಲದ ಬಣ್ಣಗಾರಿಕೆಯಿಂದ ಇನ್ನೊಂದು ಸಲಕ್ಕೆ ಸ್ವಲ್ಪ ಬೇರೆಯಾಗುತ್ತದೆ. ಆದ್ದರಿಂದ ಉಳಿದ ಕೆಲಸಕ್ಕೆ ಎಷ್ಟು ಬೇಕೋ ಅಷ್ಟನ್ನೂ ಒಮ್ಮೆಲೇ ತಂದುಬಿಡುವುದು ಮೇಲು. ಸೂಜಿಯ ನಂಬರು ಹೆಚ್ಚಾದಷ್ಟೂ ಸೂಜಿ ಸಣ್ಣದು. ಎಳೆ ಎಣಿಸುವ ಕೆಲಸಕ್ಕೆ ಮೊಂಡು ತುದಿಯ ಸೂಜಿ ಒಳ್ಳೆಯದು, ಅದು ಎಳೆಯನ್ನು ಸೀಳುವುದಿಲ್ಲ. ಒತ್ತು ನೇಯ್ಗೆಗೆ ಮಾತ್ರ ಸಣ್ಣ ಚೂಪು ಸೂಜಿ ಬೇಕು.

ತಾಯಂದಿರೇ, ಇಷ್ಟೆಲ್ಲ ಹೇಳಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ನಮ್ಮ ಸದಸ್ಯರಲ್ಲೇ ಹಲವರು ಇದನ್ನು ಕೇಳಿದ್ದಾರೆ. "ಅವ್ವ ಶುರು ಮಾಡಿದ್ದು, ಅವ್ವ ಈಗ ಇಲ್ಲ. ಅದರ ಮ್ಯಾಲೆ ನಾನು ಕೈ ಹಚ್ಚಬೇಕೋ ಬ್ಯಾಡೋ?" ಕಣ್ಣೀರು ತರುವ ಪ್ರಶ್ನೆ ಇದು. ಎಲ್ಲರಿಗೂ ಒಂದೇ ಉತ್ತರ ಕೊಡಲು ನಮ್ಮಿಂದ ಆಗದು. ಆದರೂ ನಮಗೆ ತಿಳಿದದ್ದು ಇಷ್ಟು. ಅವ್ವ ಆ ಸೆರಗನ್ನು ಟ್ರಂಕಿಗೆಂದು ಶುರು ಮಾಡಲಿಲ್ಲ, ಮಗಳೋ ಸೊಸೆಯೋ ಉಟ್ಟುಕೊಳ್ಳಲಿ ಎಂದು ಶುರು ಮಾಡಿದಳು. ಉಡುವಂತಿದ್ದರೆ ಮುಗಿಸಿರಿ. ನಿಮ್ಮ ಹೊಲಿಗೆ ಅವ್ವನ ಹೊಲಿಗೆಯಷ್ಟು ಸಣ್ಣಗೆ ಬರಲಿಕ್ಕಿಲ್ಲ, ಅದಕ್ಕೆ ನಾಚಬೇಕಿಲ್ಲ. ಎಲ್ಲಿಯವರೆಗೆ ಅವ್ವ, ಎಲ್ಲಿಂದ ಮಗಳು ಎಂಬುದು ನೋಡುವ ಕಣ್ಣಿಗೆ ಕಂಡರೂ ಒಳ್ಳೆಯದೇ. ಬಟ್ಟೆ ತಡೆಯದಷ್ಟು ಹಳೆಯದಾಗಿದ್ದರೆ ಹಾಗೇ ಇಡಿರಿ, ಹಾಳೆಗೆ ಇಳಿಸಿಕೊಂಡು ಹೊಸ ಬಟ್ಟೆಯ ಮೇಲೆ ತೆಗೆಯಿರಿ. ಮನಸ್ಸಿಲ್ಲದೆ ಶುರು ಮಾಡಿದ, ಎಂದೂ ಮುಗಿಸದ ನಿಮ್ಮದೇ ಕೆಲಸವಿದ್ದರೆ ಕಲಿಯುವ ಹುಡುಗಿಗೆ ಕೊಟ್ಟುಬಿಡಿರಿ. ಮುಗಿಸುವುದು, ಮಾದರಿಗೆ ಇಡುವುದು, ಕೊಡುವುದು ಹೀಗೆ ಮೂರು ಗಂಟು ಮಾಡಿದರೆ ಟ್ರಂಕೂ ಹಗುರ, ಮನಸ್ಸೂ ಹಗುರ.

ಇನ್ನು ಸಂಘದ ಮಾತು. ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದರು. ಒಬ್ಬೊಬ್ಬರೇ ಸಾಹುಕಾರನ ಮುಂದೆ ಕೈಕಟ್ಟಿ ನಿಲ್ಲುವ ರೈತರು ಕೂಡಿ ನಿಂತರೆ ತಮ್ಮ ಕಾಲ ಮೇಲೆ ನಿಲ್ಲಬಹುದು ಎಂಬುದೇ ಅದರ ತಿರುಳು. ಸೂಜಿ ಹಿಡಿಯುವ ಕೈಗೂ ಆ ಮಾತು ಹತ್ತುತ್ತದೆ. ಸಂಡೂರಿನಲ್ಲಿ 1984ರಲ್ಲಿ ಆರಂಭವಾದ ಕುಶಲ ಕಲಾ ಕೇಂದ್ರದಲ್ಲಿ ಲಂಬಾಣಿ ಅಕ್ಕಂದಿರು ಕೂಡಿ ದುಡಿದು ತಮ್ಮ ಕೈಗೆಲಸಕ್ಕೆ ಹೊರಗಿನ ಪೇಟೆ ಕಂಡುಕೊಂಡರು. 1999ರಲ್ಲಿ ಭೌಗೋಳಿಕ ಸೂಚಿಗಳ ಕಾಯ್ದೆ ಆಯಿತು, 2003ರಲ್ಲಿ ಜಾರಿಗೆ ಬಂತು. ಆ ಕಾಯ್ದೆಯಡಿ ನಮ್ಮ ಕಸೂತಿಗೂ ಸಂಡೂರಿನ ಲಂಬಾಣಿ ಕಸೂತಿಗೂ ನೋಂದಣಿ ಸಿಕ್ಕಿದೆ. ಆದರೆ ಹೆಸರಿಗೆ ಮಾನ್ಯತೆ ಸಿಕ್ಕಷ್ಟಕ್ಕೆ ಕೈಗೆ ಕೂಲಿ ಸಿಗುವುದಿಲ್ಲ. ಪೇಟೆಯಲ್ಲಿ ಮಷೀನಿನ ಕಸೂತಿ, ಅಚ್ಚು ಹೊಡೆದ ಕಸೂತಿ ಅಗ್ಗಕ್ಕೆ ಬಂದಿವೆ. ಕೊಳ್ಳುವವರು ಬಟ್ಟೆ ತಿರುವಿ ಹಿಂದಿನ ಮಗ್ಗಲು ನೋಡುವುದನ್ನು ಕಲಿಯಬೇಕು, ಮಾರುವ ನಾವು ಅದನ್ನು ತಿರುವಿ ತೋರಿಸಬೇಕು.

ಆದ್ದರಿಂದ ಆಡಳಿತ ಮಂಡಳಿಯವರಲ್ಲಿ ನಮ್ಮ ಬೇಡಿಕೆ ಮೂರೇ ಮೂರು. ದೊಡ್ಡ ಹಣ ಬೇಡುವಂಥವಲ್ಲ.

ಒಂದು, ಗೋದಾಮಿನ ಪಕ್ಕದ ಕೋಣೆಯಲ್ಲಿ ನಮಗೊಂದು ಕಪಾಟು ಕೊಡಿರಿ. ಮನೆಮನೆಯ ಡಬ್ಬಿಯಲ್ಲಿ ಬಿದ್ದ ದಾರ, ಸೂಜಿ, ಚೌಕಟ್ಟು, ಖಣದ ತುಂಡು ಎಲ್ಲವನ್ನೂ ನಾವು ತಂದು ಬಣ್ಣವಾರು ಜೋಡಿಸಿ ದಾಸ್ತಾನು ಪುಸ್ತಕದಲ್ಲಿ ಬರೆಯುತ್ತೇವೆ. ಬೀಜಕ್ಕೆ, ಗೊಬ್ಬರಕ್ಕೆ ಇರುವ ಪದ್ಧತಿಯೇ ಇದಕ್ಕೂ ಇರಲಿ. ಒಬ್ಬರಿಗೆ ಉಳಿದ ಹಸಿರು ಇನ್ನೊಬ್ಬರಿಗೆ ಬೇಕಾದ ಹಸಿರು ಆಗಿರುತ್ತದೆ. ಕಪಾಟಿನಲ್ಲಿ ಇಲ್ಲದ್ದನ್ನು ಮಾತ್ರ ಕೂಡಿ ಸಗಟು ತರೋಣ. ಸೂಜಿಗಳನ್ನು ಉಣ್ಣೆಯ ತುಂಡಿಗೆ ಚುಚ್ಚಿ ಒಣ ಡಬ್ಬಿಯಲ್ಲಿ, ಬಟ್ಟೆಗಳನ್ನು ಬೇವಿನ ಎಲೆಯ ಜೊತೆ ಇಡೋಣ. ಬೇವು ಬಟ್ಟೆಗೆ ನೇರ ತಾಗದಂತೆ ಚೀಲದಲ್ಲಿರಲಿ.

ಎರಡು, ತಿಂಗಳಿಗೊಂದು ಅಮಾವಾಸ್ಯೆಯ ಮಧ್ಯಾಹ್ನ, ಹೊಲದ ಕೆಲಸಕ್ಕೆ ಬಿಡುವಿದ್ದಾಗ, ಸಂಘದ ಸಭಾಭವನ ನಮಗೆ ಬಿಟ್ಟುಕೊಡಿರಿ. ಅಜ್ಜಿಯರು ಲೆಕ್ಕ ಹೇಳಲಿ, ಕಣ್ಣು ಚುರುಕಿದ್ದ ಹುಡುಗಿಯರು ಸೂಜಿ ಹಿಡಿಯಲಿ. ಕಣ್ಣು ಮಂಜಾದರೂ ಲೆಕ್ಕ ಬಾಯಲ್ಲಿದೆ.

ಮೂರು, ಚೌಕುಳಿ ಹಾಳೆಗೆ ಇಳಿಸಿದ ಚಿತ್ರಗಳನ್ನೆಲ್ಲ ಸೇರಿಸಿ ಒಂದು ದಪ್ಪ ರಜಿಸ್ಟರು ಮಾಡಿ ಸಂಘದ ದಫ್ತರದಲ್ಲಿ ಇಡೋಣ. ಸಾಲದ ಖಾತೆ ಇಟ್ಟಷ್ಟೇ ಜೋಪಾನವಾಗಿ ಅದನ್ನೂ ಇಡಿರಿ.

ನಮ್ಮ ಅಕ್ಕಂದಿರಿಗೂ ಒಂದು ಮಾತು. ಬರುವ ಅಮಾವಾಸ್ಯೆಗೆ ಎಲ್ಲವನ್ನೂ ಹೊರಲು ಹೋಗಬೇಡಿರಿ. ಒಂದೇ ಒಂದು ಅರ್ಧ ಬಟ್ಟೆ ತನ್ನಿರಿ. ಹೊಸ ದಾರ ತರಬೇಡಿರಿ, ಡಬ್ಬಿಯಲ್ಲಿರುವುದು ಸಾಕು. ದಿನಕ್ಕೆ ಒಂದು ಬೊಗಸೆ ಹೊತ್ತು ಕೂತರೂ ಸಾಕು, ಹೋದ ಸೂಜಿ ಮರಳಿ ಬರಲಿ.

ನಮ್ಮ ಸಂಘ ಇನ್ನೂ ಎತ್ತರಕ್ಕೆ ಬೆಳೆಯಲಿ ಎಂದು ಹಾರೈಸಿ ಮಾತು ಮುಗಿಸುತ್ತೇವೆ.

ಜೈ ಸಹಕಾರ, ಜೈ ಕರ್ನಾಟಕ.