ವೈರಾಗ್ಯವೋ, ವಿಷಾದವೋ?

ಮನೆಯ ಹಿರಿಯರೊಬ್ಬರು ಮೆಲ್ಲಮೆಲ್ಲಗೆ ಮಾತು ಬಿಡುತ್ತಾರೆ. ಎರಡು ರೊಟ್ಟಿ ಉಣ್ಣುತ್ತಿದ್ದವರು ಅರ್ಧಕ್ಕೆ ಇಳಿಯುತ್ತಾರೆ. ಮೊಮ್ಮಗನ ಮದುವೆಯ ಮಾತೆತ್ತಿದರೂ, "ನನಗ್ಯಾಕ ಬೇಕಪಾ ಇನ್ನ ಅದೆಲ್ಲಾ? ಶಿವಾ ಕರಕೊಂಡ್ರ ಸಾಕು" ಎಂದು ಗೋಡೆಯ ಕಡೆ ಹೊರಳುತ್ತಾರೆ. ಬಂದ ಬೀಗರಿಗೆ ಮನೆಯವರು ತುಸು ಹೆಮ್ಮೆಯಿಂದಲೇ ಹೇಳುತ್ತಾರೆ: "ಮುತ್ಯಾಗ ಸಂಸಾರದ ಮ್ಯಾಲಿನ ಆಶಾನ ಹೋಗೇತ್ರಿ, ಎಲ್ಲಾ ಬಿಟ್ಟು ಕುಂತಾರ." ಇಂಥ ಮಾತನ್ನು ನೀವೂ ಕೇಳಿರುತ್ತೀರಿ, ಬಹುಶಃ ಆಡಿಯೂ ಇರುತ್ತೀರಿ. ಆದರೆ ಆ ಮುತ್ಯಾನಿಗೆ ಬಂದದ್ದು ವೈರಾಗ್ಯವೋ ವಿಷಾದವೋ ಎಂದು ವಿಚಾರಿಸಿದವರು ವಿರಳ.

ಪದಗಳನ್ನು ಬಿಡಿಸಿ ಹೇಳುವುದು ನನ್ನಂಥ ಪಂಡಿತರ ಕಸುಬು. 'ರಾಗ'ವೆಂದರೆ ಅಂಟು, ಅದು ಕಳೆದ ಸ್ಥಿತಿ ವೈರಾಗ್ಯ. ವಿಷಾದದಲ್ಲಿರುವ 'ಸದ್' ಧಾತುವಿಗೆ ಕುಸಿ, ಕುಗ್ಗು ಎಂಬ ಅರ್ಥವುಂಟು. ಹೊರಗಿನಿಂದ ಎರಡೂ ಒಂದೇ ಬಗೆಯಾಗಿ ಕಾಣುವುದೇ ತೊಡಕು. ಭಗವದ್ಗೀತೆಯ ಮೊದಲ ಅಧ್ಯಾಯಕ್ಕೆ ಅರ್ಜುನವಿಷಾದಯೋಗವೆಂದೇ ಹೆಸರು. ಅರ್ಜುನ ಅಲ್ಲಿ ರಾಜ್ಯ ಬೇಡ, ಸುಖ ಬೇಡ ಎನ್ನುತ್ತಾನೆ. ಮುಂದೆ, ಭಿಕ್ಷಾನ್ನವೇ ಲೇಸೆಂದೂ ಹೇಳುತ್ತಾನೆ. ಮಾತೆಲ್ಲ ಸಂನ್ಯಾಸಿಯದೇ! ಆದರೆ ಮೈ ನಡುಗುತ್ತಿದೆ, ಬಾಯಿ ಒಣಗಿದೆ, ಗಾಂಡೀವ ಕೈಯಿಂದ ಜಾರುತ್ತಿದೆ. ವಿರಕ್ತನಾದೆ, ಭೇಷ್ ಎಂದು ಕೃಷ್ಣ ಅವನ ಬೆನ್ನು ತಟ್ಟಲಿಲ್ಲ.

ನಮ್ಮ ಹಿಪ್ಪರಗಿ ಕೃಷ್ಣೆಯ ದಂಡೆಯ ಊರು. ಈ ಸೀಮೆಯ ಗುಡಿಗಳಲ್ಲಿ ರಾತ್ರಿ ಭಜನೆಗೆ ಕೂಡುವ ಮುದುಕರ ಪಕ್ಕದಲ್ಲಿ ಒಮ್ಮೆ ಕುಳಿತು ನೋಡಿರಿ. ಪದದ ಮುಂದಿನ ಸಾಲನ್ನು ನೆನಪಿನಿಂದ ಎಳೆದು ತರಬೇಕು, ಉಸಿರು ಹಿಡಿದು ಹಾಡಬೇಕು, ತಾಳ ತಪ್ಪಿಸಿದ ಗೆಳೆಯನನ್ನು ಬೈಯಬೇಕು. ಒಂದು ದಿನ ಬಾರದಿದ್ದರೆ ಮರುದಿನ ಬಾಗಿಲಿಗೆ ಬಂದು ಕೇಳುವವನೊಬ್ಬನಿದ್ದಾನೆ. ಪುಣ್ಯದ ಲೆಕ್ಕ ಭಗವಂತನಿಗೆ ಬಿಟ್ಟದ್ದು. ಮನಸ್ಸಿಗೆ ಇದರಿಂದ ಆಗುವ ಹಿತವಂತೂ ಕಣ್ಣಿಗೆ ಕಾಣುವಂಥದು. ರಬಕವಿ-ಬನಹಟ್ಟಿಯ ನೇಕಾರರ ಮನೆಗಳಲ್ಲಿ ಮಗ್ಗದಿಂದ ಇಳಿದ ಹಿರಿಯರು ಕಂಡಿಕೆ ಸುತ್ತುತ್ತ ಕೂಡುವುದುಂಟು. ಹನ್ನೆರಡನೆಯ ಶತಮಾನದ ಶರಣರು ಪೂಜೆಯ ಪಕ್ಕದಲ್ಲಿಯೇ ಕಾಯಕವನ್ನಿಟ್ಟದ್ದು ಎಂಥ ವಿವೇಕ!

ಈ ನೆಲೆ ಕೆಲವೊಮ್ಮೆ ತಪ್ಪಿಹೋಗುತ್ತದೆ. 2019ರ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿದಾಗ ದಂಡೆಯ ಜನ ಪರಿಹಾರ ಕೇಂದ್ರಗಳನ್ನು ಸೇರಬೇಕಾಯಿತು. ಆಲಮಟ್ಟಿಯ ಹಿನ್ನೀರಿಗೆ ಸಿಕ್ಕ ಹಳ್ಳಿಗಳವರು ಊರನ್ನೇ ಬಿಟ್ಟು ಬಂದರು. ಮನೆಗೆ ಬದಲು ಮನೆ ಕೊಡಬಹುದು. ಗುಡಿಕಟ್ಟೆಯ ಮೇಲೆ ದಿನವೂ ಕೂಡುತ್ತಿದ್ದ ಆ ನಾಲ್ವರನ್ನು ಕೊಡಲಾದೀತೆ?

2017-18ರಲ್ಲಿ ನಮ್ಮ ದೇಶದ ವೃದ್ಧರನ್ನು ಕುರಿತು ಲಾಸಿ ಎಂಬ ದೊಡ್ಡ ಸಮೀಕ್ಷೆ ನಡೆಯಿತು. 60 ದಾಟಿದವರಲ್ಲಿ ನೂರಕ್ಕೆ ಸುಮಾರು 8 ಮಂದಿಗೆ ಖಿನ್ನತೆಯ ಲಕ್ಷಣಗಳಿದ್ದವು. ವೈದ್ಯರು ಖಿನ್ನತೆಯೆಂದು ಹೇಳಿದ್ದು ನೂರರಲ್ಲಿ ಒಬ್ಬರಿಗಿಂತಲೂ ಕಡಿಮೆ ಜನಕ್ಕೆ. ಉಳಿದವರನ್ನು ಮನೆಯವರು ಏನೆಂದು ಕರೆದಿರಬಹುದು, ನೀವೇ ಊಹಿಸಿರಿ.

ಆದ್ದರಿಂದ ನಿಮ್ಮ ಹಿರಿಯರನ್ನು ಸ್ವಲ್ಪ ಗಮನಿಸಿರಿ. ವೈರಾಗ್ಯ ಬಂದವರು ಮೊಮ್ಮಗುವನ್ನು ಕಂಡು ನಗಬಲ್ಲರು, ಹೊಟ್ಟೆತುಂಬ ಉಂಡು ನಿದ್ದೆ ಮಾಡಬಲ್ಲರು. ಎರಡು ವಾರ ಕಳೆದರೂ ನಿದ್ದೆ ಬಾರದೆ, ಊಟ ರುಚಿಸದೆ, ಪ್ರೀತಿಯ ಭಜನೆಯೂ ಬೇಡವಾಗಿದ್ದರೆ ವೈದ್ಯರಿಗೆ ತೋರಿಸಬೇಕು. ಥೈರಾಯಿಡ್ ಗ್ರಂಥಿಯ ದೋಷ, ಬಿ-12 ಜೀವಸತ್ತ್ವದ ಕೊರತೆ, ಬೇರೆ ರೋಗಕ್ಕೆ ನುಂಗುವ ಮಾತ್ರೆ ಇವೂ ಮನಸ್ಸನ್ನು ಕುಗ್ಗಿಸಬಲ್ಲವು. ಕಿವಿ ಮಂದವಾಗಿ ಮಾತು ಬಿಟ್ಟವರೂ ಉಂಟು. ಹರಕೆ ಹೊರುವವರು ಹೊರಲಿ, ನನ್ನದೇನೂ ಅಡ್ಡಿಯಿಲ್ಲ. ಆದರೆ "ಜಪಾ ಮಾಡ್ರಿ, ಎಲ್ಲಾ ಸರಿ ಆಗತೈತಿ" ಎಂದಷ್ಟೇ ಹೇಳಿ ಎದ್ದುಹೋಗಬೇಡಿರಿ. ಜಪದಲ್ಲಿ ಮನಸ್ಸು ನಿಲ್ಲದವರು, ದೇವರೂ ಕೈಬಿಟ್ಟನೆಂದು ಇನ್ನಷ್ಟು ಕುಗ್ಗುತ್ತಾರೆ. "ಶಿವಾ ಕರಕೊಳ್ಳಲಿ" ಎಂಬ ಮಾತು ಪದೇ ಪದೇ ಬರುತ್ತಿದ್ದರೆ, ಸಾಯುವ ಯೋಚನೆ ಬರುತ್ತಿದೆಯೆ ಎಂದು ಹತ್ತಿರ ಕುಳಿತು ಕೇಳಿರಿ. ಕೇಳಿದರೆ ಇಲ್ಲದ ಯೋಚನೆ ಹುಟ್ಟೀತೆಂಬ ಭಯ ಬೇಡ.

2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಗೆ 14416 ಎಂಬ ಸಂಖ್ಯೆಯಲ್ಲಿ ಹಗಲಿರುಳೂ ಫೋನು ಮಾಡಬಹುದು. ಹಣ ಬೇಡ, ಕನ್ನಡದಲ್ಲಿಯೇ ಮಾತಾಡಬಹುದು. ನಮ್ಮ ಕಡೆಯವರಿಗೆ ಧಾರವಾಡದ ಡಿಮ್ಹಾನ್ಸ್ ಆಸ್ಪತ್ರೆಯೂ ಇದೆ. ವೈದ್ಯರಲ್ಲಿಗೆ ಹೋಗುವಾಗ ಹಿರಿಯರು ನುಂಗುತ್ತಿರುವ ಮಾತ್ರೆಗಳನ್ನೆಲ್ಲ, ನಾಟಿವೈದ್ಯರ ಪುಡಿಯ ಪೊಟ್ಟಣವನ್ನೂ ಬಿಡದೆ, ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿರಿ.